ಬಾಗಿಲ ಈಚೆಯ ಸಾಕ್ಷಿ

ಯಾದಗಿರಿ,
೧೧ ಏಪ್ರಿಲ್ ೧೯೪೮

ಚಿ. ಸೌ. ಬಸಂತಕೌರಳಿಗೆ ಅಪ್ಪನ ಆಶೀರ್ವಾದ.

ರಾಯಚೂರಿನ ಕಡೆಯಿಂದ ನಾಂದೇಡದ ಗುರುದ್ವಾರಕ್ಕೆ ಹೊರಟ ನಮ್ಮವರು ನಾಲ್ಕು ಜನ ಇಂದು ಸ್ಟೇಷನ್ನಿನಲ್ಲಿ ಸಿಕ್ಕರು. ಈ ಕಾಗದವನ್ನು ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಅಂಚೆಗೆ ಹಾಕಿದರೆ ಒಡೆದು ನೋಡುತ್ತಾರಂತೆ. ದಾರಿಯಲ್ಲಿ ಯಾರ ಕೈಗಾದರೂ ಬಿದ್ದರೂ ಆ ಕಡೆ ಕನ್ನಡ ಓದುವವರು ಕಡಿಮೆ. ನಿನ್ನ ತಾಯಿ ರಾಮಸಮುದ್ರದ ಮಗಳಾಗಿ ನಮ್ಮಂಥ ಸಿಖ್ಖರ ಮನೆಗೆ ಕನ್ನಡ ತಂದದ್ದು ಹೀಗೂ ಉಪಯೋಗಕ್ಕೆ ಬಂತು.

ನಾನು ಇನ್ನೂ ಹತ್ತಿ ಗಿರಣಿಯ ಕಾವಲಿನಲ್ಲೇ ಇದ್ದೇನೆ. ರಜಾಕಾರರ ಹಾವಳಿಗೆ ಹೆದರಿ ಮಾಲೀಕರು ಹೆಂಡತಿ ಮಕ್ಕಳೊಂದಿಗೆ ಸುರಪುರ, ಹುಣಸಗಿಯ ದಾರಿಯಿಂದ ಗಡಿ ದಾಟಿ ತಾಳಿಕೋಟೆ ಸೇರಿದರು. ಕೀಲಿಕೈ ನನ್ನ ಸೊಂಟದಲ್ಲಿದೆ. ಗಿರಣಿ ನಿಂತಿದೆ. ಆದರೆ ಅದು ಖಾಲಿಯಿಲ್ಲ.

ಹೋದ ವಾರ ಸಂಜೆ ರಾಮಸಮುದ್ರದ ನಿನ್ನ ಗುರಣ್ಣ ಮಾಮ ಕುರಿ ಹೊಡೆದುಕೊಂಡು ಬಂದ. ಕುರಿಗಳ ನಡುವೆ ಕಂಬಳಿ ಹೊದ್ದು ಬಗ್ಗಿ ನಡೆಯುತ್ತಿದ್ದವರನ್ನು ಬಾಗಿಲ ಹತ್ತಿರ ಬರುವ ತನಕ ನಾನೂ ಗುರುತಿಸಲಿಲ್ಲ. ಹನ್ನೊಂದು ಜನ. ಹೆಚ್ಚಿನವರು ಹೆಂಗಸರು, ಒಂದು ಹಾಲು ಕುಡಿಯುವ ಕೂಸು. ಹೊಳೆಯಾಚೆ ರಜಾಕಾರರು ಅವರ ಮನೆಗಳನ್ನು ಸುಟ್ಟಿದ್ದರು. ಗುರಣ್ಣ ಅಂದ, "ಸರದಾರಜಿ, ಇವ್ರನ್ನ ಒಳಗ ಹಾಕ್ಕೊಳ್ರಿ. ಕುರಿ ಆದ್ರ ನಾ ಮೇಸ್ತಿದ್ದೆ, ಮಂದೀನ ಎಲ್ಲಿ ಮುಚ್ಚಿಡ್ಲಿ?" ನಾನು ತೆರೆದೆ. ಈಗ ಅವರು ಹತ್ತಿಯ ಗೋದಾಮಿನಲ್ಲಿದ್ದಾರೆ. ಇಂಜಿನ್ ಮಿಸ್ತ್ರಿ ಉಸ್ಮಾನಸಾಬನಿಗೆ ಎಲ್ಲ ಗೊತ್ತು. ತಮ್ಮ ಜೊತೆ ಸೇರು ಎಂದು ರಜಾಕಾರರು ಅವನನ್ನೂ ಕಾಡುತ್ತಿದ್ದಾರೆ. ಅವನು ಇಂಜಿನ್ನಿನ ನೆಪ ಹೇಳುತ್ತ ಗಿರಣಿಯಿಂದ ಹೊರಗೇ ಹೋಗುವುದಿಲ್ಲ. ಅವನ ಹೆಂಡತಿ ಸರ್ವರಬೇಗಂ ತನ್ನ ಒಲೆಯ ಮೇಲೆ ಹನ್ನೊಂದು ಜನರಿಗೂ ರೊಟ್ಟಿ ಬಡಿಯುತ್ತಾಳೆ.

ನಿನಗೊಂದು ನಿಜ ಹೇಳುತ್ತೇನೆ, ಯಾರಿಗೂ ಹೇಳಬೇಡ. ನಮ್ಮ ಒಂಬತ್ತನೆಯ ಗುರುಗಳ ಜೊತೆ ದಿಲ್ಲಿಯಲ್ಲಿ ಪ್ರಾಣ ಕೊಟ್ಟ ಭಾಯಿ ಸತೀದಾಸರನ್ನು ಹತ್ತಿ ಸುತ್ತಿ ಸುಟ್ಟರೆಂದು ನಿಮಗೆ ಎಷ್ಟು ಸಲ ಹೇಳಿದ್ದೇನೆ! ಆಗ ಹತ್ತಿ ಎಂಬುದು ಬರೀ ಮಾತಾಗಿತ್ತು. ಈಗ ಸುತ್ತಲೂ ಮಾಳಿಗೆಯವರೆಗೆ ಹತ್ತಿ, ಅದರೊಳಗೆ ಹನ್ನೊಂದು ಜನ. ಯಾರಾದರೂ ಬೀಡಿ ಹಚ್ಚಿದ ವಾಸನೆ ಬಂದರೂ ಅಂಜಿ ನೀರಿನ ಕೊಡ ಹಿಡಿದು ಓಡುತ್ತೇನೆ.

ಇಂತಿ ನಿನ್ನ ಅಪ್ಪ,
ನಿಹಾಲಸಿಂಗ

~

ನಾಂದೇಡ,
೨ ಮೇ ೧೯೪೮

ತೀರ್ಥರೂಪ ಅಪ್ಪನವರಿಗೆ ಬಸಂತಳ ನಮಸ್ಕಾರ.

ನಿಮ್ಮ ಕಾಗದ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ನಮ್ಮ ಮನೆಯವರು ಏನೆಂದು ಕೇಳಿದರು. ಊರ ನೆನಪು ಎಂದೆ.

ಚಿಕ್ಕವಳಿದ್ದಾಗ ನೀವು ಹತ್ತನೆಯ ಗುರುಗಳ ಇಬ್ಬರು ಸಣ್ಣ ಮಕ್ಕಳ ಕಥೆ ಹೇಳಿದಿರಿ. ಧರ್ಮ ಬಿಡುವುದಿಲ್ಲ ಎಂದದ್ದಕ್ಕೆ ಅವರನ್ನು ನಿಲ್ಲಿಸಿ ಸುತ್ತ ಗೋಡೆ ಕಟ್ಟಿಸಿದ ಕಥೆ. ಒಬ್ಬನಿಗೆ ಒಂಬತ್ತು ವರ್ಷ, ಇನ್ನೊಬ್ಬನಿಗೆ ಏಳೂ ತುಂಬಿರಲಿಲ್ಲ. ನನಗೂ ಆಗ ಏಳು. ಅಂದಿನಿಂದ ಎಷ್ಟೋ ತಿಂಗಳು ನಾನು ಗೋಡೆಯ ಕಡೆ ಮುಖ ಮಾಡಿ ಮಲಗಲಿಲ್ಲ. ಅವ್ವ ನಿಮಗೆ ಬೈದಿದ್ದಳು, "ಕೂಸಿಗಿ ಇಂಥಾವೆಲ್ಲ ಹೇಳ್ತಾರೇನ್ರಿ?" ಎಂದು. ನೀವು ನಕ್ಕು, "ಅಂಜಿಕಿ ಹೋಗ್ಲಿ ಅಂತನ ಹೇಳೂದು" ಅಂದಿರಿ. ಅಪ್ಪಾ, ನನ್ನ ಅಂಜಿಕೆ ಹೋಗಲಿಲ್ಲ. ಇಲ್ಲಿ ದಿನಾ ಪ್ರಾರ್ಥನೆಯಲ್ಲಿ ತಲೆ ಕೊಟ್ಟವರನ್ನು ನೆನೆಯುತ್ತಾರೆ. ಎಲ್ಲರೂ ಕೈಮುಗಿದು ನಿಂತಿರುವಾಗ ನಾನೊಬ್ಬಳೇ, ಈ ಸಾಲಿನಲ್ಲಿ ನನ್ನ ಅಪ್ಪ ಸೇರದಿರಲಿ ಎಂದು ಬೇಡುತ್ತೇನೆ.

ಆ ಹನ್ನೊಂದು ಜನರನ್ನು ಹೊರಗೆ ಹಾಕಿ ಎಂದು ಹೇಳುವಷ್ಟು ಕಲ್ಲೆದೆ ನನಗಿಲ್ಲ. ಆದರೆ ಇನ್ನು ಮೇಲೆ ಯಾರು ಬಂದು ಬಡಿದರೂ ಬಾಗಿಲು ತೆರೆಯಬೇಡಿ. ಯಾರೇ ಆಗಲಿ. ನನ್ನ ಮೇಲೆ ಆಣೆ.

ನಿಮ್ಮ ಮಗಳು,
ಬಸಂತ

~

ಯಾದಗಿರಿ,
೨೦ ಜೂನ್ ೧೯೪೮

ಚಿ. ಸೌ. ಬಸಂತಕೌರಳಿಗೆ ಆಶೀರ್ವಾದ.

ಕೈಯಲ್ಲಿ ಕಳಿಸಲು ಯಾರೂ ಸಿಗದ್ದರಿಂದ ಅಂಚೆಗೆ ಹಾಕುತ್ತಿದ್ದೇನೆ. ಇಲ್ಲಿ ಎಲ್ಲರೂ ಆರೋಗ್ಯ. ಮಳೆ ಒಂದು ಸಲ ಬಂದು ಹೋಯಿತು. ಗಿರಣಿಯ ತಗಡು ಸೋರುತ್ತಿದೆ.

ರಾಮಸಮುದ್ರದ ಗುರಣ್ಣ ತೀರಿಕೊಂಡ. ನಿನಗೆ ತಿಳಿದಿರಲಿ ಎಂದು ಬರೆದೆ.

ನಿನ್ನ ಅಪ್ಪ,
ನಿಹಾಲಸಿಂಗ

~

ನಾಂದೇಡ,
೯ ಜುಲೈ ೧೯೪೮

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ಗುರಣ್ಣ ಮಾಮ ತೀರಿಕೊಂಡ ಎಂದು ಬರೆದಿರಿ, ಹೇಗೆ ಎಂದು ಬರೆಯಲಿಲ್ಲ. ಅವನಿಗೆ ನಲವತ್ತೂ ಆಗಿರಲಿಲ್ಲ. ಜ್ವರವೇ? ಹಾವು ಮುಟ್ಟಿತೇ? ಅವ್ವ ಹೋದಾಗ ಹೆಗಲ ಮೇಲೆ ಕುರಿಮರಿ ಹೊತ್ತುಕೊಂಡೇ ಓಡಿ ಬಂದಿದ್ದ ಮನುಷ್ಯ. "ನಮ್ಮೂರ ಮಗಳ ಮಣ್ಣಿಗಿ ನಾನs ಮೊದಲ ಬರಬೇಕು" ಅಂದಿದ್ದ. ಅವನ ಸಾವನ್ನು ಸೋರುವ ತಗಡಿನ ಪಕ್ಕ ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಅಂಚೆಯ ಭಯದಿಂದ ಹಾಗೆ ಬರೆದಿರಿ ಎಂದುಕೊಂಡಿದ್ದೇನೆ.

ಭೀಮವ್ವ ಅತ್ತೆ ಹೇಗಿದ್ದಾಳೆ? ಮಕ್ಕಳು? ಅವನ ತಮ್ಮ ದುರಗಪ್ಪ ಕುರಿ ನೋಡಿಕೊಳ್ಳುತ್ತಾನೋ?

ಈ ಕಾಗದ ತರುವವರು ನಂಬಿಗಸ್ತರು. ಅವರ ಕೈಯಲ್ಲೇ ಉತ್ತರ ಕೊಡಿ.

ನಿಮ್ಮ ಮಗಳು,
ಬಸಂತ

~

ನಾಂದೇಡ,
೨೫ ಆಗಸ್ಟ್ ೧೯೪೮

ತೀರ್ಥರೂಪ ಅಪ್ಪನವರಿಗೆ,

ಕಾಗದ ತಂದವರ ಕೈಯಲ್ಲಿ ನೀವು ಏನೂ ಕೊಡಲಿಲ್ಲವಂತೆ. "ನಿಮ್ಮ ತಂದೆ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು, ಆರಾಮ ಇದ್ದೇನೆ ಎಂದು ಹೇಳಿ ಅಂದರು, ಕಣ್ಣೆತ್ತಿ ನೋಡಲಿಲ್ಲ" ಎಂದು ಹೇಳಿದರು. ಏನಾಗಿದೆ? ಯಾರಾದರೂ ಹೆದರಿಸಿದ್ದಾರೆಯೇ? ಇಲ್ಲಿಯೂ ಬಾಗಿಲು ಬಡಿದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಯುದ್ಧವಾಗುತ್ತದೆ ಎನ್ನುತ್ತಾರೆ. ಒಂದೇ ಒಂದು ಸಾಲು ಬರೆಯಿರಿ. ನಿಮ್ಮ ಅಕ್ಷರ ನೋಡಿದರೆ ಸಾಕು.

ಬಸಂತ

~

ಯಾದಗಿರಿ,
೩೦ ಸೆಪ್ಟೆಂಬರ್ ೧೯೪೮

ಚಿ. ಸೌ. ಬಸಂತಕೌರಳಿಗೆ ಅಪ್ಪನ ಆಶೀರ್ವಾದ.

ಅಕ್ಷರ ನನ್ನದಲ್ಲವೆಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಶಾಲೆಯ ಬಸವಂತರಾಯ ಮಾಸ್ತರರು ಬರೆಯುತ್ತಿದ್ದಾರೆ. ನನ್ನ ಬಲಗೈಗೆ ಭುಜದಿಂದ ಪಟ್ಟಿ ಕಟ್ಟಿದ್ದಾರೆ. ಜೀವಕ್ಕೆ ಅಪಾಯವಿಲ್ಲ. ಕೈ ಮಾತ್ರ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರರು ಹೇಳಿದರು.

ಮೊದಲು ನೀನು ಜುಲೈನಲ್ಲಿ ಕೇಳಿದ ಮಾತಿಗೆ ಉತ್ತರ ಹೇಳುತ್ತೇನೆ.

ಜೂನ್ ಹನ್ನೆರಡು, ಸುಡುಬಿಸಿಲಿನ ಮಧ್ಯಾಹ್ನ. ನಾನು ಬಾಗಿಲ ಒಳಗೆ ಕೂತಿದ್ದೆ. ರಸ್ತೆಯಲ್ಲಿ ಓಡುವ ಸಪ್ಪಳ ಕೇಳಿತು, ಆಮೇಲೆ ಬಾಗಿಲಿಗೆ ಎರಡೂ ಕೈಯಿಂದ ಬಡಿತ. ಗುರಣ್ಣನ ದನಿ. ಜನರನ್ನು ಮುಚ್ಚಿಡುತ್ತಾನೆಂದು ಯಾರೋ ಹೇಳಿಕೊಟ್ಟು ರಜಾಕಾರರು ಅವನ ಬೆನ್ನು ಹತ್ತಿದ್ದರು. ನಾನು ಎದ್ದು ನಿಂತೆ. ಕೀಲಿಕೈ ಕೈಯಲ್ಲಿತ್ತು. ಬಾಗಿಲಿಗೂ ನನಗೂ ಮೂರು ಹೆಜ್ಜೆ. ಮಗಳೇ, ಆ ಮೂರು ಹೆಜ್ಜೆ ನಾನು ಇಡಲಿಲ್ಲ. ಎರಡು ದಿನದ ಮೇಲೆ ಭೀಮಾ ಹೊಳೆಯ ಉಸುಕಿನಲ್ಲಿ ಅವನ ಹೆಣ ಸಿಕ್ಕಿತು.

ಒಳಗೆ ಹನ್ನೊಂದು ಜನರಿದ್ದರು, ಅವರಿಗಾಗಿ ತೆರೆಯಲಿಲ್ಲ ಎಂದು ಮೂರು ತಿಂಗಳು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಅಂಜಿಕೆ. ನಿನ್ನ ಆಣೆಯ ಕಾಗದ ನನ್ನ ಜೇಬಿನಲ್ಲಿತ್ತು. ಅದರಿಂದ ಹೀಗಾಯಿತೆಂದು ನೀನು ಎಂದೂ ತಿಳಿಯಕೂಡದು. ಆಗ ಆ ಕಾಗದ ನೆನಪಿಗೇ ಬರಲಿಲ್ಲ. ನೆನಪಿಗೆ ಬಂದದ್ದು ನನ್ನ ಕುತ್ತಿಗೆ ಮಾತ್ರ.

ಸೆಪ್ಟೆಂಬರ್ ಹದಿನೇಳಕ್ಕೆ ಎಲ್ಲ ಬದಲಾಯಿತು. ಹಿಂದುಸ್ತಾನದ ಫೌಜು ಬಂತು, ರಜಾಕಾರರು ಬಂದೂಕು ಎಸೆದು ಓಡಿದರು, ನಮ್ಮ ಹನ್ನೊಂದು ಜನ ಅಳುತ್ತ ನಗುತ್ತ ತಮ್ಮ ಊರಿಗೆ ಹೋದರು. ಮುಗಿಯಿತು ಅಂದುಕೊಂಡೆ. ನಾಲ್ಕೇ ದಿನಕ್ಕೆ ಶಹಾಪುರದಿಂದ ಉಸ್ಮಾನಸಾಬನ ಅಣ್ಣನ ಸಂಸಾರ ಚಕ್ಕಡಿಯಲ್ಲಿ ಬಂದಿಳಿಯಿತು. ಅವರ ಓಣಿಗೆ ಜನ ನುಗ್ಗಿದ್ದರು. ರಜಾಕಾರರು ಯಾರೋ, ಪೆಟ್ಟು ತಿಂದವರು ಯಾರೋ. ಹೊಸಬರು ಹತ್ತು ಜನ ಅದೇ ಗೋದಾಮಿನಲ್ಲಿ, ಅದೇ ಹತ್ತಿಯ ನಡುವೆ.

ಇಪ್ಪತ್ತಮೂರನೆಯ ತಾರೀಖು ಬೆಳಿಗ್ಗೆ ನೂರು ಜನ ಬಂದರು. ಕೊಡಲಿ, ಬಡಿಗೆ, ಇಬ್ಬರ ಕೈಯಲ್ಲಿ ಉರಿಯುವ ಪಂಜು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಕೀಲಿಕೈ ಗೋಡೆಯ ಮೇಲಿನಿಂದ ಒಳಗೆ ಎಸೆದು, ನಾನು ಮೆಟ್ಟಿಲ ಮೇಲೆ ಕೂತೆ. ಒಬ್ಬ ಕೂಗಿದ, "ಸರದಾರಜಿ, ಪಂಜಾಬದಾಗ ನಿಮ್ಮ ಮಂದೀಗಿ ಏನ ಮಾಡ್ಯಾರ ಕೇಳೀರಿಲ್ಲೋ? ನೀವ ಮುಂದ ನಡೀರಿ, ನಾವ ಹಿಂದ ಬರ್ತೀವಿ." ನಾನು ಹೇಳಿದೆ, "ನಮ್ಮ ಗುರು ತಲಿ ಕೊಟ್ಟಿದ್ದು ತನ್ನ ಮಂದೀಗಲ್ಲಪ್ಪ. ಜನಿವಾರದ ಬ್ರಾಹ್ಮಣರಿಗಿ, ನಮಗ ಜನಿವಾರನs ಇಲ್ಲ. ಬ್ಯಾರೇದವರು ಬಂದು ಕೇಳಿದ್ರು, ಕೊಟ್ಟ."

ಆಗ ಗುಂಪಿನಿಂದ ದುರಗಪ್ಪ ಮುಂದೆ ಬಂದ, ಗುರಣ್ಣನ ತಮ್ಮ.

"ನಮ್ಮಣ್ಣ ಬಡದಾಗ ಈ ಬಾಗಲಾ ತಗೀಲಿಲ್ಲ. ಎದುರಿನ ಚಹಾದಂಗಡ್ಯಾವ ನೋಡ್ಯಾನ. ಇವ್ರಿಗಿ ಹ್ಯಾಂಗ ತಗದಿ?"

"ಹೌದು ದುರಗಪ್ಪ. ಅವತ್ತ ಅಂಜಿದೆ."

"ಇವತ್ತ ಅಂಜಿಕಿ ಇಲ್ಲೇನು?"

"ಐತಿ. ಆದ್ರ ಇಲ್ಲಿಂದ ಏಳಂಗಿಲ್ಲ."

ಕೃಪಾಣ ಸೊಂಟದಲ್ಲೇ ಇತ್ತು. ಒರೆಯಿಂದ ತೆಗೆಯಲಿಲ್ಲ. ಗುರಣ್ಣನ ತಮ್ಮನ ಮೇಲೆ ಅದನ್ನು ಯಾವ ಮುಖದಿಂದ ಎತ್ತಲಿ? ಅವನು ಕೊಡಲಿ ಎತ್ತಿದ. ನಾನು ಕೈ ಅಡ್ಡ ಹಿಡಿದೆ. ರಕ್ತ ಅವನ ಮುಖಕ್ಕೆ ಸಿಡಿಯಿತು. ಅವನೇ ಮೊದಲು ಚೀರಿದ. ಅಷ್ಟರಲ್ಲಿ ಸ್ಟೇಷನ್ ರಸ್ತೆಯಲ್ಲಿ ಫೌಜಿನ ಲಾರಿ ಬಂದ ಸಪ್ಪಳವಾಗಿ ಗುಂಪು ಚದುರಿತು. ದುರಗಪ್ಪ ಕೊಡಲಿ ಅಲ್ಲೇ ಬಿಟ್ಟು ಓಡಿದ. ಅವನು ಎಲ್ಲಿದ್ದಾನೋ ಗೊತ್ತಿಲ್ಲ. ಹೊಡೆದವರು ಯಾರೆಂದು ಫೌಜಿನವರು ಕೇಳಿದರು. ಗುರುತು ಸಿಗಲಿಲ್ಲ ಎಂದೆ.

ಒಳಗಿದ್ದವರೆಲ್ಲ ಉಳಿದರು. ಸರ್ವರಬೇಗಂ ದಿನಾ ಬಂದು ಗಾಯ ತೊಳೆಯುತ್ತಾಳೆ. ಮೊನ್ನೆ ಅಂದಳು, "ಇನ್ನ ಒಂದು ಗೇಣು ಈ ಕಡಿ ಬಿದ್ದಿದ್ರ ಶಹೀದ ಆಗತಿದ್ರಿ ಸರದಾರಜಿ." ಉಸ್ಮಾನಸಾಬ ಪಕ್ಕದಲ್ಲಿದ್ದ. ಅವನು ಮದರಸಾದಲ್ಲಿ ನಾಲ್ಕು ಅಕ್ಷರ ಕಲಿತವನು. "ಶಹೀದ ಅಂದ್ರ ಅರಬ್ಬಿ ಮಾತಿನ್ಯಾಗ ಸತ್ತಾವ ಅಂತ ಅಲ್ಲ. ಸಾಕ್ಷಿ ಹೇಳಾವ ಅಂತ" ಅಂದ. ನಾನು ಮುಖ ಆ ಕಡೆ ಹೊರಳಿಸಿದೆ. ಅರವತ್ತು ವರ್ಷ ಆ ಶಬ್ದವನ್ನು ಪ್ರಾರ್ಥನೆಯಲ್ಲಿ ಅಂದಿದ್ದೇನೆ, ಅದರ ಅರ್ಥ ನನಗೆ ಗೊತ್ತಿರಲಿಲ್ಲ.

ಇಂತಿ,
ನಿಹಾಲಸಿಂಗ

~

ನಾಂದೇಡ,
೧೪ ನವೆಂಬರ್ ೧೯೪೮

ತೀರ್ಥರೂಪ ಅಪ್ಪನವರಿಗೆ ಬಸಂತಳ ನಮಸ್ಕಾರ.

ಆರು ವಾರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಮೇ ತಿಂಗಳಲ್ಲಿ ನಾನು ಬರೆದ ಸಾಲು ಎದುರಿಗೆ ಬರುತ್ತಿತ್ತು. ಯಾರೇ ಆಗಲಿ ಎಂದು ಬರೆದವಳು ನಾನು. ಬಡಿಯುವವನು ಗುರಣ್ಣ ಮಾಮ ಆಗಿರಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅದರಿಂದಲ್ಲ ಎಂದು ನೀವು ಬರೆದಿದ್ದೀರಿ. ನಂಬಲು ನೋಡುತ್ತಿದ್ದೇನೆ.

ಸಿಟ್ಟೂ ಬಂದಿತ್ತು, ಮುಚ್ಚಿಡುವುದಿಲ್ಲ. ಆ ಕಥೆಗಳನ್ನೆಲ್ಲ ನಮಗೆ ಹೇಳಿದ ಬಾಯಿ ಅಂದು ಬಾಗಿಲ ಹಿಂದೆ ಸುಮ್ಮನಿತ್ತು. ಆಮೇಲೆ ಯೋಚಿಸಿದೆ. ನೀವು ಆ ಕಥೆಗಳನ್ನು ಹೇಳುತ್ತಿದ್ದದ್ದು ನಮ್ಮ ಅಂಜಿಕೆ ಕಳೆಯಲಿಕ್ಕಲ್ಲ, ನಿಮ್ಮದನ್ನು ಕಳೆಯಲಿಕ್ಕೆ.

ಯಾದಗಿರಿಯ ಸುದ್ದಿ ಇಲ್ಲಿಗೂ ಬಂದಿದೆ. ಗುರುದ್ವಾರದಲ್ಲಿ ಪಾಠ ಮಾಡುವ ಭಾಯಿಜಿಯವರು ಮನೆಗೆ ಬಂದಿದ್ದರು. ನಿಮ್ಮನ್ನು ಕರೆಸಿ ಅಲ್ಲಿ ಕೂಡುವ ಸಂಗತ್ತಿನ ಮುಂದೆ ಶಾಲು ಹೊದಿಸಬೇಕು, ಜೀವಂತ ಶಹೀದ ಎಂದು ಹೆಸರಿಡಬೇಕು ಎಂದರು. ನಮ್ಮ ಮನೆಯವರ ಮುಖ ಅರಳಿತ್ತು. ಈಗ ಬೇಡ, ಗಾಯ ಮಾಯಲಿ ಎಂದು ಹೇಳಿ ಕಳಿಸಿದೆ. ಕಾರಣ ಹೇಳಲಿಲ್ಲ. ಹೇಳಬೇಕಾದವರು ನೀವು. ಇಲ್ಲಿಯಲ್ಲ, ರಾಮಸಮುದ್ರದಲ್ಲಿ.

ಅಪ್ಪಾ, ಭೀಮವ್ವ ಅತ್ತೆಯ ಮನೆಗೆ ಹೋಗಿ. ಅಲ್ಲಿ ದುರಗಪ್ಪ ಇದ್ದರೂ ಇರಬಹುದು. ಆದರೂ ಹೋಗಿ.

ನಿಮ್ಮ ಮಗಳು,
ಬಸಂತ

~

ಯಾದಗಿರಿ,
೯ ಡಿಸೆಂಬರ್ ೧೯೪೮

ಚಿ. ಸೌ. ಬಸಂತಕೌರಳಿಗೆ ಅಪ್ಪನ ಆಶೀರ್ವಾದ.

ಎಡಗೈಯಿಂದ ಬರೆಯುವುದನ್ನು ಕಲಿಯುತ್ತಿದ್ದೇನೆ. ಸಾಲು ಸೊಟ್ಟಗಾದರೆ ಸಹಿಸಿಕೋ. ಇದನ್ನು ಮಾಸ್ತರರ ಕೈಯಲ್ಲಿ ಬರೆಸುವ ಮನಸ್ಸಾಗಲಿಲ್ಲ.

ನಿನ್ನ ಕಾಗದ ಬಂದ ಮೇಲೆ ಮೂರು ಸಲ ರಾಮಸಮುದ್ರಕ್ಕೆ ಹೊರಟು ಮೂರು ಸಲ ಅರ್ಧ ದಾರಿಯಿಂದ ತಿರುಗಿ ಬಂದೆ. ಕೊಡಲಿಯ ಮುಂದೆ ಕೂತವನಿಗೆ ಒಬ್ಬ ಹೆಣ್ಣುಮಗಳ ಹೊಸ್ತಿಲು ದಾಟಲು ಇಷ್ಟು ಅಂಜಿಕೆಯೇ ಎಂದು ನನಗೇ ನಾಚಿಕೆಯಾಯಿತು. ಮೊನ್ನೆ ಸೋಮವಾರ ಹೋದೆ.

ಭೀಮವ್ವ ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದಳು. ಕುಂದರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ನಿಂತುಕೊಂಡೇ ಹೇಳಿದೆ.

"ಭೀಮವ್ವ, ಅವತ್ತ ನಾ ಬಾಗಲದ ಹಿಂದs ಇದ್ದೆ. ನಿನ್ನ ಗಂಡ ಬಡದಾ. ನನಗ ಕೇಳಿಸ್ತು. ತಗೀಲಿಲ್ಲ."

"ಗೊತ್ತದರಿ" ಅಂದಳು. "ಊರಿಗೆಲ್ಲ ಗೊತ್ತದ. ಅದನ್ನ ಹೇಳಾಕ ಇಲ್ಲೀತನಾ ಬಂದ್ರೇನು?"

ಅವಳು ಬಹಳ ಹೊತ್ತು ನನ್ನ ಜೋತು ಬಿದ್ದ ಕೈಯನ್ನೇ ನೋಡಿದಳು. ಆಮೇಲೆ ಕೇಳಿದಳು, "ನನಗೊಂದು ಹೇಳ್ರಿ. ಅಂವ ಏನಂದಾ?"

"ಯಾವಾಗ?"

"ಬಾಗಲದಾಗ ನಿಂತು. ಹೆಣ ತಂದ್ರು, ಬಾಯಾಗ ಉಸುಕ ತುಂಬಿತ್ತು. ಮಕ್ಕಳು ಕೇಳ್ತಾವ, ಅಪ್ಪ ಏನರ ಅಂದಿದ್ನೇನಬೇ ಅಂತ. ಅವನ ಕಡೀ ಮಾತ ಕೇಳಿದಾವ್ರು ಈ ಭೂಮಿ ಮ್ಯಾಲ ನೀವೊಬ್ರs."

ಬಸಂತ, ಇದನ್ನು ನಾನು ನಿನಗೂ ಹೇಳಿರಲಿಲ್ಲ, ಮಾಸ್ತರರಿಗೂ ಹೇಳಿ ಬರೆಸಿರಲಿಲ್ಲ. ಹೇಳಿದರೆ ನಾನು ಇನ್ನೂ ಸಣ್ಣವನಾಗುತ್ತೇನೆಂದು ಮುಚ್ಚಿಟ್ಟಿದ್ದೆ. ಭೀಮವ್ವನಿಗೆ ಹೇಳಿದೆ.

ಅವನು ಮೊದಲು, "ಸರದಾರಜಿ, ನಾ ಗುರಣ್ಣ, ಬೆನ್ನ ಹತ್ಯಾರ, ತಗೀರಿ" ಎಂದು ಕೂಗಿದ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅಷ್ಟರಲ್ಲಿ ಗೋದಾಮಿನಲ್ಲಿ ಆ ಹಾಲುಗೂಸು ಕೆಮ್ಮಿತು. ಹೊರಗೆ ಬಡಿತ ನಿಂತಿತು. ಅವನಿಗೂ ಕೇಳಿಸಿತ್ತು. ಬಾಗಿಲ ಸಂದಿಗೆ ಬಾಯಿಟ್ಟು ಮೆಲ್ಲಗೆ ಅಂದ, "ಸರದಾರಜಿ, ಕೂಸಿನ ಬಾಯಿ ಮುಚ್ಚಸ್ರಿ. ತಗೀಬ್ಯಾಡ್ರಿ ಈಗ. ನಾ ಹೊಳಿ ಕಡಿ ಹೋಗ್ತೀನಿ." ಆಮೇಲೆ ಅವನ ಹೆಜ್ಜೆಯ ಸಪ್ಪಳ. ಸ್ವಲ್ಪ ದೂರ ಹೋಗಿ ಗಟ್ಟಿಯಾಗಿ ಶೀಟಿ ಹೊಡೆದ. ಬೆನ್ನಟ್ಟಿದವರು ಗಿರಣಿಯ ಕಡೆ ತಿರುಗದೆ ತನ್ನ ಹಿಂದೆಯೇ ಬರಲಿ ಎಂದು ಹೊಡೆದ. ಅವರು ಬಾಗಿಲ ಮುಂದಿನಿಂದಲೇ ಓಡಿ ಹೋದರು. ಬಾಗಿಲನ್ನು ಯಾರೂ ಮುಟ್ಟಲಿಲ್ಲ.

ಭೀಮವ್ವ ಅಳಲಿಲ್ಲ. ಒಳಗಿನ ಕತ್ತಲೆಯ ಕಡೆ ತಿರುಗಿ ಕರೆದಳು, "ದುರಗಪ್ಪ, ಹೊರಗ ಬಾ."

ಎರಡು ತಿಂಗಳಿಂದ ಅವನು ಅಲ್ಲೇ ಅಡಗಿದ್ದ. ಗಡ್ಡ ಬಿಟ್ಟಿದ್ದ, ಕಣ್ಣು ಒಳಗೆ ಹೋಗಿದ್ದವು. ನನ್ನ ಹಿಂದೆ ಪೊಲೀಸರು ಇದ್ದಾರೋ ಎಂದು ಓಣಿಯನ್ನು ನೋಡಿದ. ಅವನೂ ಅಂಜಿದ್ದ, ನಾನೂ ಅಂಜಿದ್ದೆ.

"ಇನ್ನೊಮ್ಮಿ ಹೇಳ್ರಿ" ಅಂದಳು ಭೀಮವ್ವ. "ಇವನೂ ಕೇಳಲಿ."

ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಮುಗಿದ ಮೇಲೆ ದುರಗಪ್ಪ ಕೇಳಿದ, "ಶೀಟಿ ಹೊಡದ್ನೇನ್ರಿ?"

"ಹೊಡದ."

"ಗಟ್ಟಿ ಹೊಡದ್ನೇನ್ರಿ?"

"ಬಾಳ ಗಟ್ಟಿ."

ಅವನು ಗೋಡೆಗೆ ಒರಗಿ ಕುಕ್ಕರಿಸಿ ಕೂತು ಹೆಗಲ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡ.

ಹೊರಡುವಾಗ ಭೀಮವ್ವ ಹೊಸ್ತಿಲ ತನಕ ಬಂದಳು. "ನಾ ಮಾಫ ಮಾಡೀನಿ ಅಂತ ತಿಳೀಬ್ಯಾಡ್ರಿ ಸರದಾರಜಿ. ಮಾಡಿಲ್ಲ. ಮಾಡ್ತೀನೋ ಇಲ್ಲೋ ನನಗs ಗೊತ್ತಿಲ್ಲ. ಆದ್ರ ಅಮಾಸಿಗೊಮ್ಮಿ ಬರ್ರಿ. ಮಕ್ಕಳಿನ್ನಾ ಸಣ್ಣವು. ದೊಡ್ಡವು ಆದಂಗ ಮರೀತಾವ. ಅವರಪ್ಪ ಏನಂದಾ, ಏನ ಮಾಡ್ದಾ, ನೀವs ಹೇಳ್ಬೇಕು. ನೀವ ಬಾಗಲಾ ತಗೀಲಿಲ್ಲ ಅನ್ನೂದನ್ನೂ ಬಿಡದs ಹೇಳ್ಬೇಕು."

ಬರುತ್ತೇನೆ ಎಂದೆ.

ಭಾಯಿಜಿಯವರಿಗೆ ಶಾಲು ಬೇಡವೆಂದು ಹೇಳು. ಕಾರಣ ಕೇಳಿದರೆ ಈ ಕಾಗದವನ್ನು ಅವರಿಗೆ ಓದಿ ಹೇಳು, ಒಂದು ಸಾಲೂ ಬಿಡಬೇಡ. ಈ ತಿಂಗಳು ಮೂವತ್ತಕ್ಕೆ ಎಳ್ಳ ಅಮಾವಾಸ್ಯೆ. ಇನ್ನೂ ಮೂರು ವಾರವಿದೆ, ಹೇಳಬೇಕಾದ ಮಾತನ್ನು ಈಗಲೇ ನನ್ನೊಳಗೇ ಹೇಳಿ ನೋಡಿಕೊಳ್ಳುತ್ತಿದ್ದೇನೆ. ಆ ಮಕ್ಕಳು ನನ್ನ ಮುಖ ನೋಡುತ್ತ ಕೂತಿರುತ್ತಾರೆ.

ಇಂತಿ ನಿನ್ನ ಅಪ್ಪ,
ನಿಹಾಲಸಿಂಗ